ಬಿಟ್ಟ ಮೀನು

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಪಿಯುಸಿ ತನಕ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿರ್ತಾರೆ. ಉಳಿದ ತಪ್ಪೆಲ್ಲ ನಂದೇ.

ಹೋದ ಜುಲೈನಲ್ಲಿ, ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ನಾನೂ ಅಮ್ಮನೂ ಮೂರು ವಾರಕ್ಕೆ ಮಾವನ ಮನೆಗೆ ಹೋಗಿದ್ವಿ. ಮಾವ ಇರೋದು ಅಮೆರಿಕದ ನೆವಾಡಾದಲ್ಲಿ, ಲಾಸ್ ವೇಗಸ್ ಪಕ್ಕದ ಹೆಂಡರ್‌ಸನ್ ಅನ್ನೋ ಊರಲ್ಲಿ. ಪೂರ್ತಿ ಮರುಭೂಮಿ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆದರೂ ಹೇರ್ ಡ್ರೈಯರ್ ಮುಖಕ್ಕೆ ಹಿಡಿದ ಹಾಗೆ ಗಾಳಿ. ಅಲ್ಲಿಗೆ ಹೋದವರೆಲ್ಲ ವೇಗಸ್ ದೀಪಗಳ ಫೋಟೋ ಹಾಕ್ತಾರೆ. ನಮ್ಮ ಮಾವ ಕುಂದಾಪುರದವರು. ಇಪ್ಪತ್ತು ವರ್ಷದಿಂದ ಅಲ್ಲಿದ್ದರೂ ಅವರ ತಲೆಯಲ್ಲಿ ಇರೋದು ಒಂದೇ ವಿಷಯ: ಮೀನು. ಬಂದ ಮೂರನೇ ದಿನವೇ, "ಶನಿವಾರ ಮೀನು ಹಿಡಿಯೋಕೆ ಹೋಪ" ಅಂದ್ರು.

"ಮರುಭೂಮಿಯಲ್ಲಾ?" ಅಂತ ಕೇಳಿದೆ.

"ಹೌದು ಮಾರಾಯ, ಮರುಭೂಮಿಯಲ್ಲೇ."

ಜಾಗದ ಹೆಸರು ಲೇಕ್ ಮೀಡ್. ಕೊಲೊರಾಡೊ ನದಿಗೆ ಹೂವರ್ ಡ್ಯಾಮ್ ಕಟ್ಟಿದ್ದರಿಂದ ಆದ ಜಲಾಶಯ. ಡ್ಯಾಮ್ ಎತ್ತರ 726 ಅಡಿ, ನೀರು ನಿಲ್ಲೋಕೆ ಶುರುವಾಗಿದ್ದು 1935ರಲ್ಲಿ. ಲಾಸ್ ವೇಗಸ್ ಕುಡಿಯೋ ನೀರಿನಲ್ಲಿ ಸುಮಾರು ಶೇಕಡಾ 90 ಇಲ್ಲಿಂದಲೇ. ನಮ್ಮಲ್ಲಿ ಕೆಆರ್‌ಎಸ್ 124.8 ಅಡಿ ತುಂಬಿತಾ ಅಂತ ಟಿವಿ ನೋಡೋ ಹಾಗೆ ಅಲ್ಲಿಯವರೂ ಇದರ ಮಟ್ಟ ನೋಡ್ತಾ ಇರ್ತಾರೆ. ಪೂರ್ತಿ ತುಂಬಿದರೆ ಸಮುದ್ರಮಟ್ಟದಿಂದ 1,229 ಅಡಿ. 2022ರ ಜುಲೈನಲ್ಲಿ ಅದು ಸುಮಾರು 1,040 ಅಡಿಗೆ ಇಳಿದಿತ್ತು. ತುಂಬಿದ ಕಾಲದಿಂದ ಅಷ್ಟು ಕೆಳಗೆ ಹೋಗಿದ್ದು ಅದೇ ಮೊದಲು.

ಶನಿವಾರ ಬೆಳಗಿನ ಜಾವ ಮೂರೂವರೆಗೆ ಮಾವ ಹೊದಿಕೆ ಎಳೆದ್ರು. "ಏಳಾ, ಮೀನ್ ನಿನ್ನ ಕಾಯ್ಕಂಡ್ ಇರತ್ತಾ?" ಅಲ್ಲಿ 12 ವರ್ಷ ಮೇಲ್ಪಟ್ಟ ಎಲ್ಲರಿಗೂ ಮೀನು ಹಿಡಿಯೋಕೆ ಲೈಸೆನ್ಸ್ ಬೇಕು, ನನಗೆ ಒಂದು ದಿನದ್ದು ಆನ್‌ಲೈನ್‌ನಲ್ಲಿ ಮಾಡಿಸಿದ್ರು. ಡ್ರೈವಿಂಗ್ ಲೈಸೆನ್ಸ್ ಇನ್ನೂ ಇಲ್ಲ, ಮೀನಿನ ಲೈಸೆನ್ಸ್ ಆಯ್ತು. ದೋಣಿ ಮಾವನ ಜೊತೆ ಕೆಲಸ ಮಾಡಿ ರಿಟೈರ್ ಆದ ಒಬ್ಬರದ್ದು. ಅವರನ್ನು ಇಲ್ಲಿ ಕ್ಯಾಪ್ಟನ್ ಅಂತ ಕರೀತೀನಿ. ಜಾಸ್ತಿ ಮಾತಾಡೋರಲ್ಲ. ಮೂರು ದೊಡ್ಡ ಕ್ಯಾನ್ ನೀರು, ಎರಡು ಡಬ್ಬ ಐಸ್, ಒಂದು ಪ್ಯಾಕೆಟ್ ಫ್ರೋಜನ್ ಆಂಚೊವಿ, ಇಷ್ಟು ದೋಣಿಗೆ ಏರಿತು. ಆಂಚೊವಿ ಅಂದ್ರೆ ಏನೋ ಅಂದುಕೊಂಡಿದ್ದೆ. ನೋಡಿದ್ರೆ ನಮ್ಮ ಬೊಳಂಜಿರ್ ಜಾತಿಯದ್ದೇ! ಅಜ್ಜಿ ಹುರಿದು ಕೊಡೋದನ್ನ ಇಲ್ಲಿ ಗಾಳಕ್ಕೆ ಸಿಕ್ಕಿಸ್ತಾರೆ.

ಹೆಮೆನ್‌ವೇ ಹಾರ್ಬರ್‌ನಲ್ಲಿ ದೋಣಿ ಇಳಿಸಿದಾಗ ಇನ್ನೂ ಕತ್ತಲೆ. ಬೆಳಕು ಹರಿದಾಗ ಸುತ್ತ ನೋಡಿದೆ. ಒಂದು ಮರ ಇಲ್ಲ. ಕೆಂಪು, ಕಂದು ಬಣ್ಣದ ಬೋಳು ಬೆಟ್ಟಗಳು, ಅವುಗಳ ಬುಡದಲ್ಲಿ ಸುಣ್ಣ ಹೊಡೆದ ಹಾಗೆ ದಪ್ಪ ಬಿಳಿ ಪಟ್ಟಿ. ಹಿಂದೆ ನೀರು ಅಲ್ಲಿ ತನಕ ಇತ್ತು. ನೀರಿನಲ್ಲಿದ್ದ ಖನಿಜ ಕಲ್ಲಿಗೆ ಅಂಟಿ ಬಿಳಿಯಾಗಿದೆ. ಅಲ್ಲಿಯವರು ಅದನ್ನ ಬಾತ್‌ಟಬ್ ರಿಂಗ್ ಅಂತಾರೆ. ದೋಣಿಯಲ್ಲಿ ಕೂತು ತಲೆ ಎತ್ತಿ ಆ ಗೆರೆ ನೋಡಿದಾಗ, ಹತ್ತಾರು ಮಹಡಿ ಕಟ್ಟಡದಷ್ಟು ನೀರು ನಮ್ಮ ತಲೆ ಮೇಲೆ ಇರಬೇಕಿತ್ತು ಅಂತ ಅನ್ನಿಸಿ ಒಂಥರಾ ಆಯ್ತು.

ನಾವು ಹುಡುಕ್ತಿದ್ದ ಮೀನು ಸ್ಟ್ರೈಪ್ಡ್ ಬಾಸ್. ಬೆಳ್ಳಿ ಮೈ, ಪಕ್ಕದಲ್ಲಿ ರೂಲ್ ಹಾಕಿದ ಹಾಗೆ ಏಳೆಂಟು ಕಪ್ಪು ಗೆರೆ. ಇದು ಅಲ್ಲಿಯದ್ದಲ್ಲ. ಅಟ್ಲಾಂಟಿಕ್ ಸಮುದ್ರದ ಮೀನು, ಮೊಟ್ಟೆ ಇಡೋಕೆ ಮಾತ್ರ ನದಿಗೆ ಬರುತ್ತೆ. 1940ರ ದಶಕದಲ್ಲಿ ಸೌತ್ ಕರೋಲಿನಾದಲ್ಲಿ ಡ್ಯಾಮ್ ಕಟ್ಟಿದಾಗ ಕೆಲವು ಹಿಂದೆ ಸಿಕ್ಕಿಹಾಕಿಕೊಂಡವು. ಸತ್ತುಹೋಗ್ತವೆ ಅಂದುಕೊಂಡರೆ ಸಿಹಿನೀರಿನಲ್ಲೇ ಸಂಸಾರ ಮಾಡಿದವು. ಆಮೇಲೆ ಬೇರೆ ಬೇರೆ ಜಲಾಶಯಗಳಿಗೂ ತಂದು ಬಿಟ್ಟರು. ಲೇಕ್ ಮೀಡ್‌ಗೆ ಬಂದಿದ್ದು 1969ರಲ್ಲಿ. "ನನ್ನ ಹಾಗೇ, ಎಲ್ಲಿಂದಲೋ ಬಂದು ಇಲ್ಲೇ ಸೆಟ್ಲ್ ಆಯ್ತು" ಅಂತ ಮಾವ ನಕ್ಕರು.

ಐದೂವರೆ ಹೊತ್ತಿಗೆ ಕ್ಯಾಪ್ಟನ್ ಎದ್ದು ನಿಂತು ಕೈ ತೋರಿಸಿದ್ರು. ದೂರದಲ್ಲಿ ನೀರು ಕುದೀತಿತ್ತು. ನಿಜವಾಗಲೂ ಕುದಿಯೋ ಎಸರಿನ ಥರ. ಅದಕ್ಕೆ ಅಲ್ಲಿ ಬಾಯಿಲ್ ಅಂತಲೇ ಹೆಸರು. ಶ್ಯಾಡ್ ಅನ್ನೋ ಸಣ್ಣ ಮೀನಿನ ಹಿಂಡನ್ನ ಬಾಸ್‌ಗಳು ಕೆಳಗಿನಿಂದ ಅಟ್ಟಿಸಿಕೊಂಡು ಮೇಲ್ಮೈಗೆ ತರ್ತವೆ, ಶ್ಯಾಡ್‌ಗೆ ಮುಂದೆ ಓಡೋಕೆ ಜಾಗ ಇಲ್ಲ, ಮೇಲೆ ಹಕ್ಕಿಗಳು. ನಾವು ಹತ್ತಿರ ಹೋಗಿ ಗಾಳ ಎಸೆದ್ವಿ. ನಂದು ಮೊದಲ ಸಲ ಮಾವನ ಟೋಪಿಗೆ ಸಿಕ್ಕಿತು. ಎರಡನೇ ಸಲ ಸರಿಯಾಗಿ ಬಿತ್ತು, ಅಷ್ಟರಲ್ಲಿ ನೀರು ಶಾಂತ. ಮಾವ ಒಂದು, ಕ್ಯಾಪ್ಟನ್ ಎರಡು ಹಿಡಿದಿದ್ರು. ನಾನು ಸೊನ್ನೆ.

ಬಿಸಿಲು ಏರಿದ ಮೇಲೆ ಬಾಸ್ ಕೆಳಗೆ ಹೋಗುತ್ತೆ. ಮೇಲಿನ ನೀರು 28 ಡಿಗ್ರಿ, ಕೈ ಹಾಕಿದರೆ ಉಗುರುಬೆಚ್ಚಗೆ. ಅದಕ್ಕೆ ಬೇಕಿರೋದು ತಂಪು. ಕ್ಯಾಪ್ಟನ್ ಸೋನಾರ್ ಪರದೆ ನೋಡಿ 60 ಅಡಿ ಅಂದ್ರು. ಆಂಚೊವಿ ತುಂಡು ಸಿಕ್ಕಿಸಿ ಅಷ್ಟು ಆಳಕ್ಕೆ ಬಿಟ್ಟು ಕಾದ್ವಿ. ಎಂಟು ಗಂಟೆಗೇ ಕುಡಿದ ನೀರೆಲ್ಲ ಬೆವರಾಗಿ, ಬೆವರು ಕಾಣೋ ಮೊದಲೇ ಒಣಗಿ, ಅಂಗಿ ಮೇಲೆ ಉಪ್ಪಿನ ಗೆರೆ ಬಿದ್ದಿತ್ತು. ಎಂಟೂವರೆಗೆ ನನ್ನ ಕೋಲು ಬಗ್ಗಿತು.

ಆ ಏಳೆಂಟು ನಿಮಿಷ ಹೇಗೆ ಬರೀಬೇಕೋ ಗೊತ್ತಿಲ್ಲ. ಕೈ ನಡುಗ್ತಿತ್ತು. ದಾರ ಎಳೀತಿರೋದು ಒಂದು ಜೀವ ಅಂತ ಮೊಣಕೈಯಲ್ಲಿ ಗೊತ್ತಾಗುತ್ತೆ. ಮೇಲೆ ಬಂತು. ಎರಡೂವರೆ ಕಿಲೋ ಮೀನು, ಅವತ್ತಿನ ಎಲ್ಲಕ್ಕಿಂತ ದೊಡ್ಡದು. ಮಾವ ಕುಣಿದುಬಿಟ್ರು. ನಾನು ಫೋನ್ ಕೊಟ್ಟೆ. ಒಂದು ಫೋಟೋ ನೆಟ್ಟಗೆ ಹಿಡಿದು, ಒಂದು ಅಡ್ಡ ಹಿಡಿದು, ಕೂಲಿಂಗ್ ಗ್ಲಾಸ್ ಹಾಕಿ ಒಂದು, ಆಮೇಲೆ ವಿಡಿಯೋ. ಬಿಸಿಲಿನಲ್ಲಿ ಮೀನು ಬಾಯಿ ತೆರೆದು ಮುಚ್ಚಿ ಮಾಡ್ತಿತ್ತು. ಆಮೇಲೆ ನಾನು ದೊಡ್ಡ ಮನಸ್ಸು ಮಾಡಿದೆ. "ಇದನ್ನ ಬಿಡ್ತೀನಿ" ಅಂದೆ. ರೀಲ್ಸ್‌ನಲ್ಲಿ ನೋಡಿದ್ದೆ, ಹಿಡಿದು ಮುತ್ತು ಕೊಟ್ಟು ಬಿಡ್ತಾರೆ, ಕೆಳಗೆ ಎಲ್ಲರೂ ಹೃದಯ ಹಾಕ್ತಾರೆ.

ಕ್ಯಾಪ್ಟನ್ ಅಂದ್ರು, "ಬೇಸಿಗೆಯಲ್ಲಿ ಬಿಟ್ಟದ್ದು ಬದುಕಲ್ಲ. ಐಸ್‌ಗೆ ಹಾಕು." ನಾನು ಅಷ್ಟು ಹೊತ್ತಿಗೆ ಬಗ್ಗಿ ನೀರಿಗೆ ಬಿಟ್ಟಾಗಿತ್ತು. ಮೀನು ಬಾಲ ಬಡಿದು ಕೆಳಗೆ ಹೋಯ್ತು. "ನೋಡಿ, ಹೋಯ್ತಲ್ಲ!" ಅಂದೆ. ಅವರು ಏನೂ ಹೇಳಲಿಲ್ಲ.

ಐದು ನಿಮಿಷಕ್ಕೆ ದೋಣಿಯಿಂದ ಸ್ವಲ್ಪ ದೂರದಲ್ಲಿ ಬಿಳಿ ಏನೋ ತೇಲಿತು. ಹೊಟ್ಟೆ ಮೇಲೆ. ಒಮ್ಮೆ ಮಗುಚಿಕೊಳ್ಳೋಕೆ ನೋಡಿತು, ಆಗಲಿಲ್ಲ. ಹಕ್ಕಿಯೊಂದು ಪಕ್ಕ ಬಂದು ಕೂತು ಕಾಯೋಕೆ ಶುರು ಮಾಡಿತು. ಕ್ಯಾಪ್ಟನ್ ಮಾತಿಲ್ಲದೆ ಇಂಜಿನ್ ಹಾಕಿ ಅಲ್ಲಿಗೆ ಹೋದ್ರು. ಬಲೆ ನನ್ನ ಕೈಗೆ ಕೊಟ್ರು. ನಾನೇ ಎತ್ತಿದೆ. ಕಿವಿರು ಇನ್ನೂ ನಿಧಾನಕ್ಕೆ ಆಡ್ತಿತ್ತು.

ನನಗೆ ನಾಚಿಕೆಯಾದ ವಿಷಯ ಇದು: ಕಾರಣ ನನಗೆ ಗೊತ್ತಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 28ರಲ್ಲಿ 8ಕ್ಕಿಂತ ಕಡಿಮೆ. ಕೆಮಿಸ್ಟ್ರಿ ಪೇಪರಿನಲ್ಲಿ ಬರೆದು ಎರಡು ಮಾರ್ಕ್ಸ್ ತಗೊಂಡಿದ್ದೆ. ತಂಪಿನಿಂದ ಬಿಸಿಗೆ ಎಳೆದು, ಓಡಿಸಿ ಸುಸ್ತು ಮಾಡಿ, ಉಸಿರು ಬೇಕಾದ ಹೊತ್ತಿಗೆ ಎರಡು ನಿಮಿಷ ಗಾಳಿಯಲ್ಲಿ ಹಿಡಿದು, ಆಮೇಲೆ ಉಸಿರೇ ಕಡಿಮೆ ಇರೋ ನೀರಿಗೆ ಬಿಟ್ಟೆ. ಅದಕ್ಕೆ ದಯೆ ಅಂತ ಹೆಸರು ಬೇರೆ.

ಹತ್ತು ಗಂಟೆಗೆ ವಾಪಸ್ ಹೊರಟ್ವಿ. ಮಧ್ಯಾಹ್ನ 44 ಡಿಗ್ರಿ. ದೋಣಿ ತೊಳೆದು, ನೀರು ಬಸಿದು, ಒಣಗಿಸಿದ್ವಿ. 2007ರಲ್ಲಿ ಅಲ್ಲಿ ಕ್ವಾಗಾ ಅನ್ನೋ ಚಿಪ್ಪಿನ ಜೀವಿ ಸಿಕ್ಕಿತಂತೆ, ಅದು ದೋಣಿಗೆ ಅಂಟಿ ಇನ್ನೊಂದು ಕೆರೆಗೆ ಹೋಗಬಾರದು ಅಂತ. ಯಾವಾಗಲೂ ಪಟಪಟ ಮಾತಾಡೋ ನಾನು ಅವತ್ತು ಸುಮ್ಮನೆ ಉಜ್ಜಿದೆ.

ಸಂಜೆ ಮಾವ ಕುಂದಾಪುರದ ಮಸಾಲೆ ಹಾಕಿ ಸಾರು ಮಾಡಿದ್ರು. ಅಲ್ಲಿ ರಾತ್ರಿ ಎಂಟು, ಊರಲ್ಲಿ ಬೆಳಿಗ್ಗೆ ಎಂಟೂವರೆ. ಅಜ್ಜಿಗೆ ವಿಡಿಯೋ ಕಾಲ್. ಹಿಂದೆ ಮಳೆ ಹೆಂಚಿನ ಮೇಲೆ ಬೀಳೋ ಸದ್ದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯೋ ಹಾಗಿಲ್ಲ, ಮೀನು ಮರಿ ಮಾಡೋ ಕಾಲ. ಅಜ್ಜಿಗೆ ಅವತ್ತು ಒಣಮೀನೇ ಗತಿ. ಫೋಟೋ ತೋರಿಸಿದೆ, ನಡೆದಿದ್ದನ್ನೂ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಬಿಡುದಾರೆ ಹಿಡ್ದದ್ದ್ ಎಂತಕೆ ಮಗಾ?" ಅಂದ್ರು. ಬೈದಿದ್ದಲ್ಲ, ನಿಜವಾಗಲೂ ಅರ್ಥ ಆಗದೆ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ, "ಸಾರಿಗೆ ಹುಳಿ ಹಾಕಿದ್ನಾ ನಿನ್ ಮಾವ?" ಅಂತ ಕೇಳಿದ್ರು.

ಎರಡು ತುಂಡು ತಿಂದೆ. ಮುಳ್ಳು ಬಿಟ್ಟು ಏನೂ ಉಳಿಸಲಿಲ್ಲ. ವಿಡಿಯೋ ಇನ್ನೂ ಫೋನ್‌ನಲ್ಲೇ ಇದೆ, ಎಲ್ಲೂ ಹಾಕಿಲ್ಲ.

ಮೊನ್ನೆ ಮಾವ ಮೆಸೇಜ್ ಮಾಡಿದ್ರು. ಕ್ಯಾಪ್ಟನ್ ನನ್ನನ್ನ ಕೇಳಿದ್ರಂತೆ. ಮುಂದಿನ ಸಲ ಚಳಿಗಾಲದಲ್ಲಿ ಬರಲಿ, ನೀರು ತಣ್ಣಗಿರುತ್ತೆ, ಆಗ ಬಿಟ್ಟರೆ ಬದುಕೋ ಸಾಧ್ಯತೆ ಜಾಸ್ತಿ ಅಂತ. ಬರ್ತೀನಿ ಅಂತ ಹೇಳಿ ಅಂದೆ. ಆದ್ರೆ ಮನೆಯಲ್ಲಿ ಎಷ್ಟು ಜನ ಊಟಕ್ಕಿದ್ದಾರೆ ಅಂತ ಮೊದಲು ಕೇಳಿಕೊಂಡು ಹೋಗ್ತೀನಿ.