ಎಪ್ಪತ್ತು ಸೆಕೆಂಡುಗಳ ಲಿಂಕ್ ದೋಷ

ನನ್ನ ಪಿಎಚ್‌ಡಿ ಕನ್ನಡ ಬಾನುಲಿ ನಾಟಕಗಳ ಮೇಲೆ. ಹೀಗೆಂದ ಕೂಡಲೇ ಬರುವ ಪ್ರಶ್ನೆ, 'ಈಗ ರೇಡಿಯೊ ಯಾರು ಕೇಳ್ತಾರೆ?' ಅದಕ್ಕೊಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದೇನೆ. ಆದರೆ ಹೋದ ತಿಂಗಳು ನನ್ನ ಗೈಡ್ ಹೇಳಿದ ಒಂದು ಮಾತಿಗೆ ಉತ್ತರ ಇರಲಿಲ್ಲ. ಮೂರನೇ ಅಧ್ಯಾಯದಲ್ಲಿ ನಾನು ನಿಲಯವೊಂದರ ಹಳೆಯ ಲಾಗ್‌ಬುಕ್ಕುಗಳನ್ನು ಆಧಾರವಾಗಿ ಬಳಸಿದ್ದೇನೆ. ಯಾವ ನಾಟಕ ಯಾವಾಗ ಪ್ರಸಾರವಾಯಿತು, ನಡುವೆ ಎಲ್ಲಿ ತುಂಡಾಯಿತು, ಯಾಕೆ ತುಂಡಾಯಿತು ಎಂಬುದೆಲ್ಲ ಅದರಲ್ಲಿದೆ. ಮೇಡಂ ಅಧ್ಯಾಯ ಓದಿ, "ಈ ದಾಖಲೆಗಳನ್ನ ಎಷ್ಟರಮಟ್ಟಿಗೆ ನಂಬಬಹುದು ಅಂತ ಒಂದು ಪುಟ ಸೇರಿಸಿ" ಎಂದರು.

ಒಂದು ಪುಟ ತಾನೆ ಎಂದು ಹಾಸ್ಟೆಲಿಗೆ ಬಂದು ಕೂತೆ. ಮೂರು ದಿನವಾದರೂ ಒಂದು ವಾಕ್ಯ ಏಳಲಿಲ್ಲ. ಯಾಕೆಂದರೆ ಅಂಥದೇ ಲಾಗ್‌ಬುಕ್ಕಿನಲ್ಲಿ ಒಂದು ಸಾಲನ್ನು ನಾನೇ ಬರೆದಿದ್ದೇನೆ.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಮೇಲೆ ಎರಡು ವರ್ಷ ಮಲೆನಾಡಿನ ಅಂಚಿನ ಊರೊಂದರ ಬಾನುಲಿ ನಿಲಯದಲ್ಲಿ ಗುತ್ತಿಗೆಯ ಟೆಕ್ನಿಷಿಯನ್ ಆಗಿದ್ದೆ. ಊರಿನ ಹೆಸರು ಬೇಡ. ಬಿ.ಎ.ಗೆ ದೂರಶಿಕ್ಷಣದಲ್ಲಿ ಕಟ್ಟಿಕೊಂಡು ರಾತ್ರಿ ಪಾಳಿಗಳಲ್ಲಿ ಓದಿಕೊಳ್ಳುತ್ತಿದ್ದೆ. ಕಂಟ್ರೋಲ್ ರೂಮು ಕಿಟಕಿಯೇ ಇಲ್ಲದ ಕೋಣೆ. ಎ.ಸಿ. ಇತ್ತು, ನಮಗೋಸ್ಕರವಲ್ಲ, ಯಂತ್ರಗಳಿಗೋಸ್ಕರ. ಒಂದು ಪಕ್ಕದಲ್ಲಿ ಎರಡು ಪದರದ ಗಾಜು, ಅದರಾಚೆ ಉದ್ಘೋಷಕಿ. ಅವರು ಮಾತಾಡುವುದು ಕಾಣುತ್ತದೆ, ಸ್ಪೀಕರಿನ ಧ್ವನಿ ಏರಿಸಿದರೆ ಮಾತ್ರ ಕೇಳುತ್ತದೆ. ಸ್ಟುಡಿಯೊದ ಧ್ವನಿ, ಬೆಂಗಳೂರಿನಿಂದ ಉಪಗ್ರಹದ ಮೂಲಕ ಬರುವ ಸುದ್ದಿ, ಎಲ್ಲವೂ ನಮ್ಮ ಮೇಜಿನ ಫೇಡರುಗಳನ್ನು ದಾಟಿಯೇ ಹೊರಗೆ ಹೋಗಬೇಕು. ಅಲ್ಲಿಂದ ಹಿತ್ತಲಿನ 30 ಮೀಟರ್ ಟವರಿನ ತುದಿಯಲ್ಲಿರುವ ಲಿಂಕ್ ಆಂಟೆನಾಕ್ಕೆ, ಅಲ್ಲಿಂದ ಊರಾಚೆಯ ಗುಡ್ಡದ ಮೇಲಿನ ಟ್ರಾನ್ಸ್‌ಮಿಟರಿಗೆ, ಅಲ್ಲಿಂದ ಅಡುಗೆಮನೆಗಳಿಗೆ, ಬಸ್ಸುಗಳಿಗೆ, ಕಟಿಂಗ್ ಶಾಪುಗಳಿಗೆ.

ಈ ಕೆಲಸದ ಒಂದು ವಿಚಿತ್ರ ಎಂದರೆ ಅದನ್ನು ಸರಿಯಾಗಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದ್ದನ್ನು ನಾವೆಲ್ಲ ಓದಿದ್ದೇವೆ. ಆ ನಿಲಯಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು. 30 ವಾಟ್ ಅಂದರೆ ಒಂದು ಮಂದ ಬಲ್ಬಿನಷ್ಟು. ಆ ಕಥೆ ಓದಿದಾಗಲೆಲ್ಲ ನನಗೆ ಕಾಣುವುದು ಪ್ರಾಧ್ಯಾಪಕರಲ್ಲ, ಆ ಪೆಟ್ಟಿಗೆಯ ಪಕ್ಕ ಮೀಟರಿನ ಮುಳ್ಳನ್ನೇ ನೋಡುತ್ತ ಕೂತಿದ್ದಿರಬಹುದಾದ ಇನ್ನೊಬ್ಬ. ನಮ್ಮ ಲಾಗ್‌ಬುಕ್ಕಿನಲ್ಲೂ ಅಷ್ಟೇ. ಚೆನ್ನಾಗಿ ನಡೆದ ದಿನಕ್ಕೆ 'ಸಾಮಾನ್ಯ' ಎಂಬ ಒಂದೇ ಪದ, ಕೆಳಗೊಂದು ಸಹಿ. ವಿವರ ಬರುವುದು ಏನಾದರೂ ಕೆಟ್ಟಾಗ ಮಾತ್ರ.

ಕೆಡುವುದರಲ್ಲೂ ಬಗೆಗಳಿವೆ. ಟ್ರಾನ್ಸ್‌ಮಿಟರೇ ನಿಂತುಹೋದರೆ ಎಫ್‌ಎಂ ರೇಡಿಯೊ ಸುಮ್ಮನಿರುವುದಿಲ್ಲ, ಸುರ್ ಎಂದು ಮಳೆ ಸುರಿದ ಹಾಗೆ ಸದ್ದು ಮಾಡುತ್ತದೆ. ಟ್ರಾನ್ಸ್‌ಮಿಟರ್ ನಡೆಯುತ್ತಿದ್ದು ಅದಕ್ಕೆ ಕಾರ್ಯಕ್ರಮ ಮಾತ್ರ ತಲುಪದಿದ್ದರೆ ಆ ಸುರ್ ಕೂಡ ಇರುವುದಿಲ್ಲ. ಅಲೆ ಬರುತ್ತಲೇ ಇದೆ, ಅದರೊಳಗೆ ಏನೂ ಇಲ್ಲ. ಬಾಯಿ ತೆರೆದವರು ಮಾತಾಡದೆ ನಿಂತ ಹಾಗೆ. ಕೇಳುಗರು ಸೆಟ್ಟೇ ಕೆಟ್ಟಿತೆಂದು ತಲೆಗೊಂದು ಮೊಟಕುತ್ತಾರೆ. ನಮ್ಮ ಕೆಲಸದಲ್ಲಿ ಭಯಪಡಬೇಕಾದದ್ದು ಈ ಎರಡನೆಯದಕ್ಕೆ.

ಆ ವರ್ಷ ಆಷಾಢದಲ್ಲಿ ಹಳೆಯ ಸ್ಪೂಲ್ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಪ್ರಸಾರ ನಡೆಯುವಾಗ ಅದನ್ನು ಮಾಡಬಾರದು. ಆದರೆ ಕೇಳುವ ಚಪಲ. ಸಂಜೆ ಪಾಳಿಯಲ್ಲಿ, ಸುದ್ದಿ ಹೋಗುತ್ತಿರುವ ಹತ್ತು ನಿಮಿಷದಲ್ಲಿ, ಹೆಡ್‌ಫೋನ್ ಹಾಕಿಕೊಂಡು ಒಂದು ನಾಟಕದ ಟೇಪು ಓಡಿಸಿದೆ. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತತೆ ಪಕ್ಕದ ಸುತ್ತಿಗೂ ಇಳಿದುಬಿಟ್ಟಿರುತ್ತದೆ. ಹಾಗಾಗಿ ಪಾತ್ರಧಾರಿ ಬಾಯಿ ತೆರೆಯುವ ಮೊದಲೇ ಅವಳ ಮಾತು ತೀರಾ ಸಣ್ಣಗೆ, ಬಾವಿಯ ತಳದಿಂದೆಂಬಂತೆ, ಒಮ್ಮೆ ಕೇಳುತ್ತದೆ. ಆಮೇಲೆ ನಿಜವಾದ ಮಾತು. ತಾಂತ್ರಿಕವಾಗಿ ಅದೊಂದು ದೋಷ. ನನಗೆ ಮೈ ಜುಮ್ಮೆಂದಿತ್ತು. ನಾಟಕದಲ್ಲಿ ಆ ತಾಯಿ ಮಗನಿಗೆ ಏನು ಹೇಳಲಿದ್ದಾಳೆಂದು ನನಗೆ ಒಂದು ಕ್ಷಣ ಮೊದಲೇ ಗೊತ್ತಾಗುತ್ತಿತ್ತು. ನಾನು ಸಾಹಿತ್ಯದ ಕಡೆ ಹೊರಳಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ಸಂಜೆಯನ್ನೇ ಹೇಳಬೇಕು. ಹೇಳುವುದಿಲ್ಲ.

ಸುದ್ದಿ ಮುಗಿದದ್ದು ಗಡಿಯಾರದಲ್ಲಿ ಕಂಡಿತು. ಅಭ್ಯಾಸಬಲದಿಂದ ಎಡಗೈ ಸುದ್ದಿಯ ಫೇಡರನ್ನು ಇಳಿಸಿತು. ಬಲಗೈ ಸ್ಟುಡಿಯೊದ ಫೇಡರನ್ನು ಏರಿಸಬೇಕಿತ್ತು. ಅದೇ ಹೊತ್ತಿಗೆ ಟೇಪು ಸಡಿಲಾಗಿ ಸ್ಪೂಲಿನಿಂದ ಜಾರತೊಡಗಿತು, ಬಲಗೈ ಅದನ್ನು ಹಿಡಿಯಲು ಹೋಯಿತು. ಹಿಡಿದು ಸರಿಮಾಡಿ ಮತ್ತೆ ಕೇಳುತ್ತ ಕೂತೆ. ಗಾಜಿನಾಚೆ ಉದ್ಘೋಷಕಿ ನಗುನಗುತ್ತ ಮಾತಾಡುತ್ತಿದ್ದರು. ಅವರ ಮೀಟರಿನ ಮುಳ್ಳು ಕುಣಿಯುತ್ತಿತ್ತು, ಅವರ ಮಟ್ಟಿಗೆ ಎಲ್ಲ ಸರಿಯಾಗಿತ್ತು. ನನ್ನ ಕಿವಿಯಲ್ಲಿ ನಾಟಕ. ಊರಿಗೆ ಮಾತ್ರ ಏನೂ ಕೇಳುತ್ತಿರಲಿಲ್ಲ.

ಗುಡ್ಡದ ಹಾಟ್‌ಲೈನಿನ ಕೆಂಪು ದೀಪ ಮಿನುಗಿದ್ದು ಕಣ್ಣಿಗೆ ಬಿತ್ತು. ಗಂಟೆ ಎಷ್ಟು ಸಲ ಹೊಡೆದಿತ್ತೋ.

"ಏನಪ್ಪಾ, ಮಾಡ್ಯುಲೇಷನ್ನೇ ಇಲ್ವಲ್ಲ!"

ಫೇಡರ್ ಏರಿಸಿದೆ. ಎಪ್ಪತ್ತು ಸೆಕೆಂಡು. ಸೆಕೆಂಡಿಗೆ ಏಳೂವರೆ ಇಂಚು ಓಡುವ ಆ ಟೇಪಿನ ಲೆಕ್ಕದಲ್ಲಿ ಹದಿಮೂರು ಮೀಟರಿಗೂ ಹೆಚ್ಚು. ಇದನ್ನು ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದ್ದು.

ಲಾಗ್‌ಬುಕ್ಕಿನಲ್ಲಿ 'ಕಾರಣ' ಎಂಬ ಕಾಲಂ ಎರಡು ಬೆರಳಿನಷ್ಟು ಅಗಲ. ಗುತ್ತಿಗೆ ನವೀಕರಣಕ್ಕೆ ಹದಿನೈದು ದಿನ ಉಳಿದಿತ್ತು. ಹೊರಗೆ ಮಳೆ. ಟವರಿನ ಮೇಲಿನ ಕೇಬಲ್ ಜೋಡಣೆಯೊಳಗೆ ನೀರು ಇಳಿದರೆ ಲಿಂಕ್ ಹೋಗುತ್ತದೆ, ಒಮ್ಮೊಮ್ಮೆ ತಾನಾಗಿಯೇ ಮರಳುತ್ತದೆ. ಯಾರೂ ಅನುಮಾನ ಪಡದ ಕಾರಣ. 'ಲಿಂಕ್ ದೋಷ, 70 ಸೆಕೆಂಡು, ತಾನಾಗಿ ಸರಿಹೋಯಿತು' ಎಂದು ಬರೆದು ಸಹಿ ಹಾಕಿದೆ. ಅಕ್ಷರ ಎಂದಿಗಿಂತ ದುಂಡಾಗಿ ಬಂದಿತ್ತು.

ಬರೆದದ್ದು ಬರೀ ಬರಹವಾಗಿ ಉಳಿಯುತ್ತದೆ ಎಂದುಕೊಂಡಿದ್ದೆ. ಬೆಳಿಗ್ಗೆ ಸಾಹೇಬರು ಲಾಗ್‌ಬುಕ್ ನೋಡಿ, ಆಂಟೆನಾದ ಜೋಡಣೆಯನ್ನು ಪರೀಕ್ಷಿಸಲು ಹೇಳಿದರು. ಟವರ್ ಹತ್ತುವವರು ನಿಲಯದಲ್ಲಿ ಒಬ್ಬರೇ. ಐವತ್ತು ದಾಟಿದವರು, ನಾವೆಲ್ಲ ಅಣ್ಣಯ್ಯ ಎನ್ನುತ್ತಿದ್ದೆವು. ಮಳೆ ಸ್ವಲ್ಪ ಹೊಳವಾದದ್ದನ್ನು ನೋಡಿಕೊಂಡು ಬೆಲ್ಟ್ ಕಟ್ಟಿ, ಚಪ್ಪಲಿ ಬಿಟ್ಟು, ಏಣಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಅರ್ಧ ದಾರಿಯಲ್ಲಿ ಮತ್ತೆ ಜಿಟಿಜಿಟಿ ಹನಿ. ಕಬ್ಬಿಣದ ಮೆಟ್ಟಿಲ ಮೇಲೆ ಅವರ ಅಂಗಾಲು ಒಮ್ಮೆ ಜಾರಿ ಮತ್ತೆ ನಿಂತದ್ದನ್ನು ಕೆಳಗಿನಿಂದ ನೋಡಿದೆ. ಹಗ್ಗ ಹಿಡಿದು ನಿಂತವನು ನಾನೇ. 'ಅಣ್ಣಯ್ಯ, ಇಳೀರಿ, ಅಲ್ಲೇನೂ ಆಗಿಲ್ಲ' ಎಂದು ಕೂಗಿದ್ದರೆ ಕೇಳಿಸುವಷ್ಟೇ ಎತ್ತರ. ಬಾಯಿಗೆ ಬಂದಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಬಾಯಿಗೂ ಬಂದಿರಲಿಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ಇಳಿದರು. ಒದ್ದೆ ಅಂಗಿ ಹಿಂಡುತ್ತ, "ಎಲ್ಲ ಸರಿಯಾಗೈತೆ ಕಣಪ್ಪ. ಆದ್ರೂ ಹಳೆ ಟೇಪ್ ಬಿಚ್ಚಿ ಹೊಸದು ಸುತ್ತಿ ಬಂದೆ. ಇನ್ನೊಂದು ಮಳೆಗಾಲ ಯೋಚ್ನೆ ಇಲ್ಲ" ಎಂದರು. ಟೀ ತಂದುಕೊಟ್ಟೆ. ದುಡ್ಡು ನಾನೇ ಕೊಟ್ಟೆ. ಗುತ್ತಿಗೆ ನವೀಕರಣವಾಯಿತು.

ಈಗ ನನ್ನ ಮೇಜಿನ ಮೇಲೆ ಬೇರೆ ನಿಲಯದ, ಬೇರೆ ಕಾಲದ ಲಾಗ್‌ಬುಕ್ಕುಗಳ ನಕಲು ಪ್ರತಿಗಳಿವೆ. 'ವಿದ್ಯುತ್ ವ್ಯತ್ಯಯ.' 'ಲೈನ್ ದೋಷ.' 'ತಾಂತ್ರಿಕ ಅಡಚಣೆ.' ಇವನ್ನೆಲ್ಲ ಕೋಷ್ಟಕ ಮಾಡಿ, ಮಳೆಗಾಲದಲ್ಲಿ ಲೈನ್ ದೋಷ ಹೆಚ್ಚು ಎಂದು ಅಧ್ಯಾಯದಲ್ಲಿ ಬರೆದೂ ಬಿಟ್ಟಿದ್ದೆ. ಈಗ ಒಂದೊಂದು ಸಾಲು ಕಂಡಾಗಲೂ ಬರೆದವನ ಕೈಬರಹ ನೋಡುತ್ತೇನೆ, ತೀರಾ ದುಂಡಾಗಿದೆಯೇ ಎಂದು. ಇದು ಸಂಶೋಧನಾ ವಿಧಾನವೇನಲ್ಲ, ಬಲ್ಲೆ. ಗುಡ್ಡದ ಮೇಲೆ ಟ್ರಾನ್ಸ್‌ಮಿಟರಿನವರದೂ ಒಂದು ಲಾಗ್‌ಬುಕ್ ಇರುತ್ತದೆ. ಲಿಂಕಿನ ರಿಸೀವರ್ ಮೀಟರನ್ನು ಅವರು ನೋಡುತ್ತಲೇ ಇರುತ್ತಾರೆ. ಆ ಸಂಜೆ ಅಲ್ಲಿದ್ದವರು 'ಲಿಂಕ್ ಸರಿ ಇದೆ, ಸ್ಟುಡಿಯೊದಿಂದ ಕಾರ್ಯಕ್ರಮ ಇಲ್ಲ' ಎಂದು ಬರೆದಿದ್ದರೆ, ಒಂದೇ ಮೌನಕ್ಕೆ ಎರಡು ಪುಸ್ತಕಗಳಲ್ಲಿ ಎರಡು ಕಾರಣ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು ಎಂದು ಮೇಡಂಗೆ ಕೊಡಬೇಕಾದ ಪುಟದಲ್ಲಿ ಬರೆದೆ. ಅದು ಒಳ್ಳೆಯ ಸಲಹೆಯೇ. ಅದು ಹೇಗೆ ಹೊಳೆಯಿತು ಎಂದು ಮಾತ್ರ ಬರೆಯಲಿಲ್ಲ.

ಪ್ರಬಂಧಕ್ಕಾಗಿ ನಿವೃತ್ತ ಟೆಕ್ನಿಷಿಯನ್ನರ ಸಂದರ್ಶನ ಮಾಡುತ್ತಿದ್ದೇನೆ. ಹೋದ ವಾರ ಅಣ್ಣಯ್ಯನ ಮನೆಗೆ ಹೋಗಿದ್ದೆ. ಈಗ ಮಗಳ ಮನೆಯಲ್ಲಿದ್ದಾರೆ, ಮಂಡಿ ನೋವು. ನಾನು ದೊಡ್ಡ ಓದು ಓದುತ್ತಿದ್ದೇನೆಂದು ಅವರಿಗೆ ಖುಷಿ, ಮೊಮ್ಮಗನನ್ನು ಕರೆದು ಪರಿಚಯಿಸಿದರು. ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಇಟ್ಟೆ. ಟವರ್ ಹತ್ತಿದ ಅನುಭವ ಕೇಳಿದಾಗ ಜೇನುಗೂಡಿನ ಕಥೆ ಬಂತು, ಸಿಡಿಲಿನ ಕಥೆ ಬಂತು. ಆಮೇಲೆ, "ನೀನಿದ್ದಾಗ ಒಂದ್ಸಲ ಮಳೇಲಿ ಹತ್ತಿದ್ನಲ್ಲ, ಗ್ಯಾನ ಐತಾ? ನೋಡಿದ್ರೆ ಏನೂ ಆಗಿರ್ಲಿಲ್ಲ. ಮಿಷಿನ್‌ಗಳು ಹಂಗೇ ಕಣಪ್ಪ, ಒಂದೊಂದ್ಸಲ ತಮ್ ಪಾಡಿಗೆ ಕೆಡ್ತವೆ, ತಮ್ ಪಾಡಿಗೆ ಸರಿಹೋಗ್ತವೆ" ಎಂದರು. ಎಂದು ನನ್ನ ಮುಖ ನೋಡಿದರು.

ನಿನ್ನೆ ಕೂತು ಅದನ್ನು ಅಕ್ಷರಕ್ಕಿಳಿಸುತ್ತಿದ್ದೆ. ಆ ಮಾತಿನ ನಂತರ ಧ್ವನಿಮುದ್ರಿಕೆಯಲ್ಲಿ ಹದಿನಾಲ್ಕು ಸೆಕೆಂಡು ಯಾರೂ ಮಾತಾಡುವುದಿಲ್ಲ. ಫ್ಯಾನಿನ ಸದ್ದು, ದೂರದಲ್ಲಿ ಕುಕ್ಕರಿನ ಒಂದು ಸೀಟಿ. ಆಮೇಲೆ "ಟೀ ಕುಡೀತೀಯಾ?" ಎಂಬ ಅವರ ದನಿ, "ಹೂಂ ಅಣ್ಣಯ್ಯ" ಎಂಬ ನನ್ನ ದನಿ. ಇಂಥ ಕಡೆ ಕಂಸದಲ್ಲಿ 'ಮೌನ' ಎಂದು ಹಾಕಿ, ಸಾಧ್ಯವಿದ್ದರೆ ಪಕ್ಕದಲ್ಲಿ ಕಾರಣವನ್ನೂ ಗುರುತಿಸಬೇಕು ಎಂಬುದು ನಮ್ಮ ವಿಭಾಗದ ಪದ್ಧತಿ. ಕಂಸ ಹಾಕಿದ್ದೇನೆ. 14 ಸೆಕೆಂಡು ಎಂದೂ ಬರೆದಿದ್ದೇನೆ. ಕಡತ ಇನ್ನೂ ತೆರೆದೇ ಇದೆ.