‘ಈ’ ಮತ್ತು ‘ಈರ್’

ನಮ್ಮ ತುಳುವಿನಲ್ಲಿ ‘ನೀನು’ ಎನ್ನುವುದಕ್ಕೆ ‘ಈ’, ‘ನೀವು’ ಎನ್ನುವುದಕ್ಕೆ ‘ಈರ್’. ವ್ಯತ್ಯಾಸ ಒಂದೇ ಅಕ್ಷರದ್ದು. ಆದರೆ ಆ ‘ರ್’ ಯಾರಿಗೆ ಸಲ್ಲಬೇಕೆಂಬುದನ್ನು ಹೆಜಮಾಡಿಯ ಕಡೆ ಒಂದು ಕಾಲದಲ್ಲಿ ಭೂಮಿಯೇ ತೀರ್ಮಾನಿಸುತ್ತಿತ್ತು. ಗೇಣಿ ಹೊತ್ತು ತಂದ ಅರುವತ್ತು ದಾಟಿದ ಒಕ್ಕಲು ಅಂಗಳದಲ್ಲಿ ನಿಂತು ದಣಿಗಳ ಮನೆಯ ಹತ್ತು ವರ್ಷದ ಹುಡುಗನಿಗೆ ‘ಈರ್’ ಎನ್ನುತ್ತಿದ್ದನಂತೆ, ಹುಡುಗ ಅವನಿಗೆ ‘ಈ’ ಎನ್ನುತ್ತಿದ್ದನಂತೆ. ಇದನ್ನು ಹೇಳಿದವರು ನಮ್ಮ ಅಜ್ಜಿ. “ಯಾರು ಕಲಿಸಿದ್ದು?” ಎಂದು ಕೇಳಿದರೆ, “ಉಣ್ಣುವುದನ್ನು ಯಾರು ಕಲಿಸಿದರು?” ಎಂದು ನನ್ನನ್ನೇ ಕೇಳುತ್ತಿದ್ದರು.

ರಷ್ಯನ್ ಭಾಷೆಯಲ್ಲೂ ಹೀಗೆಯೇ ಉಂಟು. ‘ನೀನು’ ಎನ್ನಲು ‘ತಿ’, ‘ನೀವು’ ಎನ್ನಲು ‘ವಿ’. ಇಂಗ್ಲಿಷಿಗೆ ಬಂದಾಗ ಎರಡೂ ‘ಯೂ’ ಆಗಿಬಿಡುತ್ತವೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ಯಾರಿಗೆ ‘ನೀನು’, ಯಾರಿಗೆ ‘ನೀವು’ ಎಂದು ತಾವೇ ಯೋಚಿಸಿ ಹಾಕಬೇಕು. ಅದು ಸಣ್ಣ ಕೆಲಸವೇನಲ್ಲ, ಕತೆಯ ಪ್ರಾಣ ಎಷ್ಟೋ ಸಲ ಅಲ್ಲಿಯೇ ಇರುತ್ತದೆ.

ಚೆಕಾವ್ 1884ರಲ್ಲಿ ಬರೆದ ‘ಊಸರವಳ್ಳಿ’ ಎಂಬ ಪುಟ್ಟ ಕತೆ ಉಂಟಲ್ಲ, ಅದನ್ನು ನೋಡಿ. ಸಂತೆಯಲ್ಲಿ ಒಬ್ಬ ಅಕ್ಕಸಾಲಿಗನ ಬೆರಳನ್ನು ನಾಯಿ ಕಚ್ಚಿದೆ. ಬೀದಿ ನಾಯಿ ಎಂದು ಕಂಡಾಗ ಪೊಲೀಸ್ ಅಧಿಕಾರಿ ಅಕ್ಕಸಾಲಿಗನ ಪಕ್ಷ. ಜನರಲ್ ಸಾಹೇಬರ ಮನೆಯ ನಾಯಿ ಎಂದು ಯಾರೋ ಹೇಳಿದೊಡನೆ ನಾಯಿಯ ಪಕ್ಷ. ಕತೆ ಓದಿ ಮಕ್ಕಳು ನಗುತ್ತಾರೆ. ಆದರೆ ಆ ಅಧಿಕಾರಿ ಕನಿಕರ ತೋರಿಸುವಾಗಲೂ ಗದರಿಸುವಾಗಲೂ ಅಕ್ಕಸಾಲಿಗನಿಗೆ ‘ತಿ’ ಎಂದೇ ಹೇಳುತ್ತಾನೆ. ಬಣ್ಣ ಎಷ್ಟು ಸಲ ಬದಲಾದರೂ ಆ ಒಂದು ಪದ ಬದಲಾಗುವುದಿಲ್ಲ. ಚಕ್ರವರ್ತಿಯ ಹೆಸರೆತ್ತದೆ ಚೆಕಾವ್ ಅವನ ರಾಜ್ಯಭಾರವನ್ನು ತೋರಿಸಿದ್ದು ಹೀಗೆ.

ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮನ ಕತೆ ನಮ್ಮ ಜಿಲ್ಲೆಯದೇ. ಪುಸ್ತಕ ಕನ್ನಡದಲ್ಲಿದ್ದರೂ ಅದರ ಅಡಿಯಲ್ಲಿ ನಮ್ಮಂಥವರ ಕಿವಿಗೆ ಕೇಳಿಸುವುದು ತುಳುವೇ. ಚೋಮನಿಗೆ ಎತ್ತುಗಳಿವೆ, ಬೇಸಾಯ ಮಾಡುವ ಆಸೆಯಿದೆ. ಅವನ ಜಾತಿಗೆ ಭೂಮಿ ಕೊಡಬಾರದೆಂಬ ಕಟ್ಟಳೆಯೂ ಇದೆ. ದಣಿ ಸಂಕಪ್ಪಯ್ಯ ಕಟುಕನಲ್ಲ, ಅವನಲ್ಲೂ ಕನಿಕರ ಉಂಟು. ಆದರೂ ಭೂಮಿ ಸಿಗುವುದಿಲ್ಲ. ಬಾಯಿ ಬಿಟ್ಟು ಆಡಲಾಗದ್ದನ್ನೆಲ್ಲ ಚೋಮ ದುಡಿಯಲ್ಲಿ ಬಾರಿಸುತ್ತಾನೆ. ದಣಿಯೊಡನೆ ಸಮನಾಗಿ ಮಾತಾಡುವ ಭಾಷೆ ಇಲ್ಲದವನ ಕೈಗೆ ಕಾರಂತರು ಒಂದು ವಾದ್ಯ ಕೊಟ್ಟರು ಎಂದು ನನಗೆ ಅನಿಸುವುದುಂಟು.

ರಷ್ಯದಲ್ಲಿ 1917ರ ಕ್ರಾಂತಿಯ ಮೊದಲ ದಿನಗಳಲ್ಲಿಯೇ ಪೆತ್ರೊಗ್ರಾದ್ ಸೋವಿಯತ್ತಿನ ಒಂದನೇ ಆಜ್ಞೆ ಹೊರಟಿತು. ಅಧಿಕಾರಿಗಳು ಸಿಪಾಯಿಗಳಿಗೆ ‘ತಿ’ ಎನ್ನಕೂಡದು ಎಂಬುದು ಅದರಲ್ಲಿದ್ದ ಒಂದು ಮಾತು. ನಮ್ಮಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರಲ್ಲಿ ‘ಈ’, ‘ಈರ್’ ಎಂಬ ಮಾತೇನೂ ಇರಲಿಲ್ಲ. ಆದರೆ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದ ಆ ಮುದುಕ ಸಾಯುವ ತನಕ ‘ಈರ್’ ಎಂದರೂ, ಅವನ ಮಗ ಅಂಗಳದಲ್ಲಿ ನಿಲ್ಲದೆ ಜಗಲಿಯಲ್ಲಿ ಬಂದು ಕುಳಿತನಂತೆ. ಅಜ್ಜಿಗೆ ಅದು ಮೊದಲು ಕಸಿವಿಸಿ, ಆಮೇಲೆ ರೂಢಿ.

‘ನೀನು’ ಎನ್ನುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ದೇವರಿಗೂ ಹೆತ್ತ ತಾಯಿಗೂ ನಾವು ‘ನೀನು’ ಎನ್ನುತ್ತೇವೆ. ನಾವು ‘ನೀನು’ ಎಂದವರು ತಿರುಗಿ ನಮಗೆ ‘ನೀನು’ ಎಂದರೆ ಸಹಿಸುತ್ತೇವೆಯೇ ಎಂಬುದಷ್ಟೇ ಪ್ರಶ್ನೆ. ಸಹಿಸಲಾಗದಿದ್ದರೆ ಅಲ್ಲಿರುವುದು ಸಲಿಗೆಯಲ್ಲ, ಅಧಿಕಾರ.

ಈಗ ದಣಿಗಳೂ ಇಲ್ಲ, ಗೇಣಿಯೂ ಇಲ್ಲ. ಆದರೆ ರಾಯಚೂರು, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ಐವತ್ತು ವರ್ಷದ ಗಂಡಸಿಗೆ ನಮ್ಮ ಮನೆಗಳ ಹೈಸ್ಕೂಲು ಹುಡುಗರು ‘ನೀನು’ ಎನ್ನುವುದನ್ನು ನೀವೂ ಕೇಳಿರಬಹುದು. ಅವನು ಹುಡುಗನಿಗೆ ‘ನೀವು’ ಎನ್ನುತ್ತಾನೆ. ಅಂದು ಗೇಣಿ ಹೊತ್ತವರ ಮನೆಯಲ್ಲೂ ಇದೇ ಕತೆ. ಆಜ್ಞೆ ಹೊರಡಿಸಲು ಇಲ್ಲಿ ಯಾವ ಸೋವಿಯತ್ತೂ ಬರಲಾರದು. ಮಕ್ಕಳಿಗೆ ಮೊದಲ ಮಾತು ಕಲಿಸಿದ ನಾವೇ ಆ ಒಂದು ಅಕ್ಷರವನ್ನೂ ಕಲಿಸಬೇಕು.