ಹಸಿರು ಜ್ವಾಲೆ ಮತ್ತು ತೂತುಕಾಸು

ನಾಣ್ಯದ ಆಲ್ಬಮ್ ಕೊಳ್ಳುವಾಗ ಮೊದಲು ಮೂಸಿ ನೋಡಿ. ಹೊಸ ರೇನ್‌ಕೋಟ್ ವಾಸನೆ ಬಂದರೆ ಹಾಳೆ ಬಹುಶಃ ಪಿವಿಸಿಯದು. ಕಾಲ ಕಳೆದಂತೆ ಅದರ ಪ್ಲಾಸ್ಟಿಸೈಜರ್ ಜಿನುಗುತ್ತೆ, ಹೈಡ್ರೋಜನ್ ಕ್ಲೋರೈಡ್ ಹೊರಬೀಳುತ್ತೆ, ತಾಮ್ರದ ಮೇಲೆ ಹಸಿರು ಅಂಟು ಕೂರುತ್ತೆ.

ನಾನು, ತಮ್ಮ ಸೇರಿ ನೋಡಿಕೊಳ್ಳೋ ಸಂಗ್ರಹ ಚಿಕ್ಕದು. 1835ರ ಕಂಪನಿ ಕಾಲಾಣೆ, ಅಲ್ಯೂಮಿನಿಯಂ ಪೈಸೆಗಳು, 1943ರ ಕಂಚಿನ ತೂತುಕಾಸು. ಮಾರಿದರೆ ದೊಡ್ಡ ದುಡ್ಡೇನೂ ಬರಲ್ಲ. ಆದರೆ ಆ ತೂತುಕಾಸು ಅಪ್ಪ ಮಗುವಾಗಿದ್ದಾಗ ಅವರ ಉಡಿದಾರದಲ್ಲಿತ್ತಂತೆ. ಅಂಥದ್ದು ಇನ್ನೊಂದು ಅಂಗಡಿಯಲ್ಲಿ ಸಿಗಲ್ಲ.

ಅದಕ್ಕೇ ಅಂಗಡಿಯಿಂದ ಒಂದೇ ಒಂದು ಹಾಳೆ ತಂದು ಲ್ಯಾಬಿನಲ್ಲಿ ಬೈಲ್‌ಸ್ಟೈನ್ ಪರೀಕ್ಷೆ ಮಾಡಿದೆವು. ಕಾದ ತಾಮ್ರದ ತಂತಿಗೆ ಚೂರು ಪ್ಲಾಸ್ಟಿಕ್ ಅಂಟಿಸಿ ಬರ್ನರ್‌ಗೆ ಹಿಡಿದರೆ, ಹಸಿರು ಜ್ವಾಲೆ! ಕ್ಲೋರಿನ್ ಇದೆ ಅಂತಾಯ್ತು. (ಫ್ಯೂಮ್ ಹುಡ್ ಒಳಗೇ ಮಾಡಿ ಮಾರಾಯ್ರೆ, ಹಾಸ್ಟೆಲ್ ರೂಮಲ್ಲಲ್ಲ.) ಪಾಲಿಪ್ರೊಪಿಲೀನ್ ಹಾಳೆಗೆ ಆ ಹಸಿರು ಬರಲಿಲ್ಲ. ಅದನ್ನೇ ಕೊಂಡೆವು.

ಹುಣಸೆಹಣ್ಣಲ್ಲಿ ತಿಕ್ಕಿದ್ರೆ ಫಳಫಳ ಹೊಳೆಯುತ್ತೆ ಅಂದರು ಅಮ್ಮ. ಹೊಳೆಯೋದೇನೋ ನಿಜ, ಆದರೆ ಹುಳಿ ಹಳೇ ಮೇಲ್ಪದರವನ್ನೇ ತಿಂದುಹಾಕುತ್ತೆ. ಬೇಡ ಅಂದೆವು.

ಇನ್ನು ಮಲೆನಾಡಿನ ಮಳೆ. ಬಿಗಿ ಮುಚ್ಚಳದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇವೆ. ಜೂನ್ ಮುಗಿಯೋದರೊಳಗೇ ಅದರ ಕಿತ್ತಳೆ ಮಣಿಗಳು ಹಸಿರಾಗಿವೆ, ಅಂದ್ರೆ ಹೊಟ್ಟೆ ತುಂಬ ತೇವ ಕುಡಿದಿವೆ. ಈ ಶನಿವಾರ ಹೊಸ ಪೊಟ್ಟಣ ತರಬೇಕು.